ಪುಸ್ತಕ ಬರೀಬೇಕಾ? ಬಳೆ ಒತ್ತೆ ಇಡಬೇಡಿ!

ಮಕ್ಕಳ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ, ಹಳೇ ಡೈರಿಯಲ್ಲಿ ನೀವು ಬರೆದಿಟ್ಟ ಕಥೆ, ಕವನ, ನೆನಪುಗಳು ಎಷ್ಟಿವೆ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಅದೆಷ್ಟೋ ಮನೆಗಳಲ್ಲಿ ಇಂಥ ಡೈರಿಗಳು ಕಪಾಟಿನಲ್ಲೇ ಉಳಿದಿರುತ್ತವೆ. 'ಪುಸ್ತಕ ಮಾಡೋದು ಬೆಂಗಳೂರಿನವರ ಕೆಲಸ, ನಮ್ಮಿಂದ ಆಗತದೇನ್ರೀ?' ಎಂಬ ಹಿಂಜರಿಕೆ ಒಂದು ಕಡೆ. ಉತ್ಸಾಹದಲ್ಲಿ ಸಾವಿರ ಪ್ರತಿ ಹಾಕಿಸಿ, ಮಂಚದ ಕೆಳಗೆ ಕಟ್ಟು ಕಟ್ಟಿಡುವ ಕಷ್ಟ ಇನ್ನೊಂದು ಕಡೆ. ಎರಡೂ ಬೇಡ. ಮೊದಲು ಓದುಗರನ್ನು ಹುಡುಕಿ, ಆಮೇಲೆ ಅಚ್ಚಿಗೆ ಹೋಗಿ.

ನಿಮ್ಮ ಮಾತೇ ಬಂಡವಾಳ

'ನಮ್ಮ ಕನ್ನಡದಾಗ ಮರಾಠಿ ಬೆರತದ, ಶುದ್ಧ ಇಲ್ಲ' ಎಂದು ಅಳುಕಬೇಡಿ. ಶೇಡಬಾಳದ ಮಿರ್ಜಿ ಅಣ್ಣಾರಾಯರು 'ನಿಸರ್ಗ' ಕಾದಂಬರಿಯಲ್ಲಿ ಬರೆದದ್ದು ಈ ಗಡಿಭಾಗದ ಹಳ್ಳಿಯ ಬದುಕನ್ನೇ, ಇಲ್ಲಿನ ಆಡುಮಾತಿನಲ್ಲೇ. ಅದೇ ಅವರಿಗೆ ಹೆಸರು ತಂದಿತು. ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸರು, ಕಬ್ಬು ಕಡಿಯುವ ಗ್ಯಾಂಗು, 2005 ಮತ್ತು 2019ರಲ್ಲಿ ಕೃಷ್ಣೆಯ ನೆರೆ ಬಂದ ದಿನಗಳು... ಇವನ್ನು ನಿಮ್ಮಷ್ಟು ಹತ್ತಿರದಿಂದ ಕಂಡವರು ಯಾರು?

ದಿನಕ್ಕೊಂದೇ ಪುಟ

* ಮಧ್ಯಾಹ್ನ ಅರ್ಧ ಗಂಟೆ ನಿಮ್ಮದೇ ಅಂತ ಇಟ್ಟುಕೊಳ್ಳಿ. ದಿನಕ್ಕೆ ಒಂದೇ ಪುಟವಾದರೂ ಮೂರೂವರೆ ತಿಂಗಳಲ್ಲಿ ನೂರು ಪುಟ!

* ಬರೆಯಲು ಬೇಜಾರಾದರೆ ಮೊಬೈಲಿಗೆ ಕನ್ನಡದಲ್ಲೇ ಹೇಳಿ, ಅದು ಟೈಪ್ ಮಾಡುತ್ತದೆ. ತಪ್ಪುಗಳನ್ನು ಆಮೇಲೆ ತಿದ್ದಿ.

* ಬಿಡಿ ಕಥೆಗಳನ್ನು ಸುಧಾ, ಮಯೂರ, ತುಷಾರಕ್ಕೆ, ಸ್ಥಳೀಯ ಪತ್ರಿಕೆಗೆ ಕಳಿಸುತ್ತಿರಿ. ಅಚ್ಚಾದದ್ದನ್ನು ಕತ್ತರಿಸಿ ಇಟ್ಟುಕೊಳ್ಳಿ. ನಾಳೆ ಪ್ರಕಾಶಕರ ಮುಂದೆ ಅದೇ ನಿಮ್ಮ ಪರಿಚಯ.

* ಇಬ್ಬರಿಗೆ ಓದಲು ಕೊಡಿ. ಕಾಗುಣಿತ ನೋಡಲು ಒಬ್ಬ ಕನ್ನಡ ಮೇಷ್ಟ್ರು, 'ಇಲ್ಲಿ ಬೋರ್ ಆಯ್ತು' ಎಂದು ಮುಖಕ್ಕೆ ಹೇಳುವ ಒಬ್ಬ ಗೆಳತಿ.

ಅಚ್ಚಿಗೆ ಕೊಡುವ ಮುನ್ನ

'ಹಣ ಕೊಡಿ ಸಾಕು, ಎಲ್ಲಾ ನಾವೇ ಮಾಡ್ತೀವಿ' ಎನ್ನುವವರ ಹತ್ತಿರ ಎಲ್ಲವನ್ನೂ ಬರವಣಿಗೆಯಲ್ಲಿ ಕೇಳಿ. ಎಷ್ಟು ಪ್ರತಿ, ಯಾವ ಕಾಗದ, ಕರಡು ತಿದ್ದುವವರು ಯಾರು, ನಿಮ್ಮ ಕೈಗೆ ಎಷ್ಟು ಪ್ರತಿ ಬರುತ್ತವೆ? ಈಗ ಡಿಜಿಟಲ್ ಮುದ್ರಣದಲ್ಲಿ 50, 100 ಪ್ರತಿಗಳನ್ನೂ ಹಾಕಿಸಬಹುದು. ಪ್ರತಿಯೊಂದಕ್ಕೆ ಖರ್ಚು ತುಸು ಹೆಚ್ಚು, ಆದರೆ ಮಾರಾಟವಾಗದೆ ಉಳಿಯುವ ಭಯ ಕಡಿಮೆ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ. ನಿಮ್ಮ ಕಾಲದ ನಂತರವೂ 60 ವರ್ಷ ಅದು ನಿಮ್ಮ ವಾರಸುದಾರರಿಗೆ ಸಲ್ಲುತ್ತದೆ. ಹಾಗಾಗಿ 'ಎಲ್ಲ ಹಕ್ಕು ಪ್ರಕಾಶಕರದು' ಎಂಬ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಪುಸ್ತಕದ ಹಿಂಬದಿಯ ಐಎಸ್‌ಬಿಎನ್ ಸಂಖ್ಯೆ ನಮ್ಮ ದೇಶದಲ್ಲಿ ಉಚಿತವಾಗಿ ಸಿಗುತ್ತದೆ. ಅದಕ್ಕೂ ಯಾರಾದರೂ ಶುಲ್ಕ ಕೇಳಿದರೆ ಯಾಕೆ ಅಂತ ಕೇಳಿ.

ಮನೆಯಲ್ಲಿ ಬರೆಯುವ ಮಗಳು, ಸೊಸೆ ಇದ್ದಾರೆಯೇ? ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದರ ಪ್ರಕಟಣೆಯನ್ನು ಪತ್ರಿಕೆಯಲ್ಲಿ ನೋಡುತ್ತಿರಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ ಅರ್ಜಿ ಹಾಕಿ. ಆದರೆ ಆ ಹಣ ಬಂದೇ ಬರುತ್ತದೆ ಎಂದು ನಂಬಿ ಸಾಲ ಮಾಡಬೇಡಿ.

ಮಾರೋದಕ್ಕೆ ನಾಚಿಕೆ ಯಾಕೆ?

ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಶುರುವಾದ ಧಾರವಾಡದ ಮನೋಹರ ಗ್ರಂಥಮಾಲೆ ಬೆಳೆದದ್ದು ಚಂದಾದಾರರ ಬಲದಿಂದ. ಈ ದಾರಿ ನಿಮಗೂ ಆಗುತ್ತದೆ.

* ಭಿಶಿ ಗುಂಪು, ಮಹಿಳಾ ಮಂಡಳ, ತವರಿನವರು... ಬೇಕೆನ್ನುವವರ ಹೆಸರು ಬರೆದು, ಮುಂಗಡ ಹಣ ಪಡೆಯಿರಿ. ಅರವತ್ತು ಹೆಸರು ಬಂದರೆ ನೂರು ಪ್ರತಿ ಸಾಕು.

* ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಸ್ಟೀಲ್ ಬಟ್ಟಲಿನ ಬದಲು ಪುಸ್ತಕ ಕೊಡಿ ಎಂದು ಗೆಳತಿಯರಿಗೆ ಹೇಳಿ. ಒಬ್ಬೊಬ್ಬರು ಹತ್ತು ಪ್ರತಿ ಕೊಂಡರೂ ಲಾಭವೇ!

* ಬಿಡುಗಡೆಗೆ ಮಂಗಲ ಕಾರ್ಯಾಲಯ ಬೇಡ. ಊರಿನ ಗ್ರಂಥಾಲಯದಲ್ಲೋ ಹೆಣ್ಣುಮಕ್ಕಳ ಶಾಲೆಯಲ್ಲೋ ಎರಡು ಪುಟ ನೀವೇ ಓದಿ. ತಾಲ್ಲೂಕು ಕನ್ನಡ ಸಾಹಿತ್ಯ ಪರಿಷತ್ತಿನವರಿಗೆ ಮೊದಲೇ ತಿಳಿಸಿ.

* ಗೌರವ ಪ್ರತಿ ಐದೇ ಸಾಕು. ಉಳಿದವರು, ಸ್ವಂತ ತಂಗಿಯಾದರೂ, ಕೊಂಡೇ ಓದಲಿ!

ಇಷ್ಟು ಮಾಡಿದರೆ ಬಳೆ ಕೈಯಲ್ಲೇ ಇರುತ್ತವೆ, ಮುಖಪುಟದ ಮೇಲೆ ನಿಮ್ಮ ಹೆಸರೂ ಇರುತ್ತದೆ. ಮೊದಲ ಪುಟ ಇವತ್ತೇ ಶುರು ಮಾಡ್ತೀರಲ್ಲಾ?