ಒಂದೇ ಶಹನಾಯಿ, ಬೇರೆ ಬೇರೆ ಮನಸ್ಸು

ಮೊಹರಂ ತಿಂಗಳ ಮೊದಲ ಹತ್ತು ದಿನ ಉಸ್ತಾದ್ ಬಿಸ್ಮಿಲ್ಲಾ ಖಾನರು ಕಛೇರಿ ಮಾಡುತ್ತಿರಲಿಲ್ಲ. ಎಂಟನೆಯ ದಿನ ಮಾತ್ರ ಶಹನಾಯಿ ಕೈಗೆ ಬರುತ್ತಿತ್ತು. ಅಂದು ಕೂತು ನುಡಿಸುವಂತಿಲ್ಲ, ರಾಗ ನುಡಿಸುವಂತಿಲ್ಲ. ಕಾಶಿಯ ದಾಲ್‌ಮಂಡಿಯಿಂದ ಫಾತ್ಮಾನ್‌ ಎಂಬ ಜಾಗದ ಕಡೆಗೆ ನಡೆಯುತ್ತ, ಕರ್ಬಲಾದಲ್ಲಿ ಮಡಿದ ಇಮಾಮ್ ಹುಸೇನರ ನೆನಪಿನ ಶೋಕಗೀತೆಯನ್ನು, ಅಂದರೆ ನೌಹಾವನ್ನು, ಅಳುತ್ತ ಊದುತ್ತಿದ್ದರು. ಉಳಿದ ದಿನಗಳಲ್ಲಿ ಅವರ ಕೈಯ ಅದೇ ವಾದ್ಯ ಪಂಚಗಂಗಾ ಘಾಟಿನ ಬಾಲಾಜಿ ಗುಡಿಯಲ್ಲಿ ಸಾಧನೆಗೆ ಕೂರುತ್ತಿತ್ತು, ದೇಶದ ದೊಡ್ಡ ವೇದಿಕೆಗಳಲ್ಲಿ ಸಂಭ್ರಮ ಹಂಚುತ್ತಿತ್ತು. 1950ರ ಜನವರಿ 26ರಂದು ಗಣರಾಜ್ಯದ ಮೊದಲ ದಿನಕ್ಕೆ ಕೆಂಪುಕೋಟೆಯಲ್ಲಿ ಮೊಳಗಿದ್ದೂ ಅವರ ಶಹನಾಯಿಯೇ.

ಇವೆಲ್ಲ ನಡೆದ ಓಣಿಗಳು ಗೋದೌಲಿಯಾ ಚೌಕದ ಸುತ್ತಮುತ್ತಲೇ ಇವೆ. ಕಾಶಿಗೆ ಹೋದ ಕನ್ನಡಿಗರಿಗೆ ಈ ಚೌಕ ಹೊಸದಲ್ಲ. ಅಲ್ಲಿಂದ ತುಸು ದಕ್ಷಿಣಕ್ಕೆ ನಡೆದರೆ ವೀರಶೈವ ಪಂಚಪೀಠಗಳಲ್ಲೊಂದಾದ ಜಂಗಮವಾಡಿ ಮಠ. ಕರ್ನಾಟಕದಿಂದ ಹೋದ ಎಷ್ಟೋ ಯಾತ್ರಿಕರು ಇಳಿದುಕೊಳ್ಳುವುದು ಅಲ್ಲೇ. ಪೂರ್ವಕ್ಕೆ ದಶಾಶ್ವಮೇಧ ಘಾಟ್. ಉತ್ತರಕ್ಕೆ ನಯೀ ಸಡಕ್ ಹಿಡಿದರೆ ದಾಲ್‌ಮಂಡಿ, ಅದರಾಚೆ ಖಾನರ ಮನೆಯಿದ್ದ ಹರಹಾ ಸರಾಯ್, ಇನ್ನೂ ಮುಂದೆ ತಬಲಾ ವಾದಕರು ಮತ್ತು ಗಾಯಕರ ಮನೆತನಗಳು ತುಂಬಿರುವ ಕಬೀರ್ ಚೌರಾ. 2015ರಲ್ಲಿ ಯುನೆಸ್ಕೊ ವಾರಾಣಸಿಯನ್ನು ಸಂಗೀತ ನಗರಗಳ ಪಟ್ಟಿಗೆ ಸೇರಿಸಿತು. ಸಂಗೀತ ಮನಸ್ಸನ್ನು ಹೇಗೆ ಬದಲಿಸುತ್ತದೆ, ಮನಸ್ಸು ಸಂಗೀತವನ್ನು ಹೇಗೆ ಬದಲಿಸುತ್ತದೆ ಎಂದು ವಿಚಾರ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಒಂದೇ ವಾದ್ಯ ಮದುವೆಯಲ್ಲಿ ನಗಿಸಿ ಮೊಹರಂನಲ್ಲಿ ಅಳಿಸುವುದಾದರೆ, ಆ ನಗು ಮತ್ತು ಅಳು ಇರುವುದು ಎಲ್ಲಿ? ನಾದದಲ್ಲೋ, ಕೇಳುವವರಲ್ಲೋ?

ಮೊದಲು ನಾದವನ್ನೇ ನೋಡೋಣ. ಬೇಸರದಲ್ಲಿರುವ ಮನುಷ್ಯನ ಮಾತು ನಿಧಾನವಾಗುತ್ತದೆ, ದನಿ ತಗ್ಗುತ್ತದೆ, ಏರಿಳಿತ ಕಡಿಮೆಯಾಗುತ್ತದೆ. ಖುಷಿಯಲ್ಲಿರುವವನ ಮಾತು ಚುರುಕು, ದನಿ ಎತ್ತರ. ಸ್ವೀಡನ್ನಿನ ಪ್ಯಾಟ್ರಿಕ್ ಯುಸ್ಲಿನ್ ಮತ್ತು ಪೆಟ್ರಿ ಲೌಕ್ಕ 2003ರಲ್ಲಿ, ಮಾತಿನ ದನಿಯ ಬಗೆಗಿನ 104 ಅಧ್ಯಯನಗಳನ್ನೂ ಸಂಗೀತ ನುಡಿಸುವಿಕೆಯ ಬಗೆಗಿನ 41 ಅಧ್ಯಯನಗಳನ್ನೂ ಒಟ್ಟಿಗಿಟ್ಟು ನೋಡಿದರು. ಎರಡೂ ಕಡೆ ಭಾವ ಹೊಮ್ಮುವ ದಾರಿ ಬಹುಮಟ್ಟಿಗೆ ಒಂದೇ ಆಗಿತ್ತು: ವೇಗ, ಗಟ್ಟಿತನ, ದನಿಯ ಬಣ್ಣ. ಮನುಷ್ಯರ ದನಿಗೆ ಸ್ಪಂದಿಸುವ ಮಿದುಳು ವಾದ್ಯದಲ್ಲೂ ದನಿಯನ್ನೇ ಕೇಳುತ್ತದೆ ಎಂಬುದು ಅವರ ವಾದ. ಶಹನಾಯಿಗೆ ಇದು ಇನ್ನಷ್ಟು ಒಪ್ಪುತ್ತದೆ. ಅದರ ರಂಧ್ರಗಳನ್ನು ಅರೆಬರೆ ಮುಚ್ಚಿ, ತುಟಿ ಮತ್ತು ಉಸಿರಿನ ಹಿಡಿತದಿಂದ ಸ್ವರದಿಂದ ಸ್ವರಕ್ಕೆ ಎಲ್ಲೂ ಕಡಿಯದೆ ಜಾರಬಹುದು. ನಾವು ಬಿಕ್ಕುವುದೂ, ಕರೆಯುವುದೂ, ರಮಿಸುವುದೂ ಹಾಗೆ ಜಾರುವ ದನಿಯಲ್ಲಿಯೇ.  

ಹಾಗಾದರೆ ಭಾಷೆ ಗೊತ್ತಿಲ್ಲದವರಿಗೂ ರಾಗದ ಭಾವ ತಿಳಿಯಬೇಕಲ್ಲವೇ? ಲಾರಾ ಲೀ ಬಾಲ್ಕ್‌ವಿಲ್ ಮತ್ತು ವಿಲಿಯಂ ಥಾಂಪ್ಸನ್ 1999ರಲ್ಲಿ ಇದನ್ನೇ ಪರೀಕ್ಷಿಸಿದರು. ಹಿಂದೂಸ್ತಾನಿ ರಾಗಗಳ ಪರಿಚಯವೇ ಇಲ್ಲದ ಪಾಶ್ಚಾತ್ಯ ಕೇಳುಗರಿಗೆ ಸಂತೋಷ, ದುಃಖ, ಕೋಪ, ಶಾಂತಿ ಈ ನಾಲ್ಕು ಭಾವಗಳಿಗೆ ನುಡಿಸಿದ ರಾಗಗಳನ್ನು ಕೇಳಿಸಿದರು. ಸಂತೋಷ, ದುಃಖ, ಕೋಪ ಅವರಿಗೆ ಗೊತ್ತಾದವು. ಶಾಂತಿಯನ್ನು ಮಾತ್ರ ಅಷ್ಟು ಖಚಿತವಾಗಿ ಗುರುತಿಸಲಾಗಲಿಲ್ಲ. ಆ ಶಾಂತಿ ನಮಗೆ ಹೇಗೆ ತಿಳಿಯುತ್ತದೆ? ನಸುಕಿನ ರಾಗ, ಗುಡಿಯ ಮೆಟ್ಟಿಲು, ಹಿರಿಯರ ಗುನುಗು ಇವುಗಳ ಜೊತೆ ಅದನ್ನು ಎಷ್ಟೋ ವರ್ಷ ಕೇಳಿರುವುದರಿಂದ ಎಂದೇ ನನ್ನ ಎಣಿಕೆ. ಭಾವದ ಒಂದು ಪಾಲು ಮೈಗೆ ಸೇರಿದ್ದು, ಇನ್ನೊಂದು ಪಾಲು ಬಾಳಿನಿಂದ ಬಂದದ್ದು.

ಈ ಎರಡನೆಯ ಪಾಲು ಎಷ್ಟು ಬಲವಾದದ್ದೆಂದು ತಿಳಿಯಲು ಕಾಶಿಯವರೆಗೆ ಹೋಗಬೇಕಿಲ್ಲ. ಗಟ್ಟಿಮೇಳ ಕೇಳಿದೊಡನೆ ಅಕ್ಷತೆಗೆ ಕೈ ನೀಡುವುದು ಯಾವ ಸ್ವರದ ಗುಣದಿಂದಲೂ ಅಲ್ಲ. ಆ ಸದ್ದನ್ನು ನಾವು ಮಾಂಗಲ್ಯದ ಗಳಿಗೆಯಲ್ಲೇ ಕೇಳಿ ಬೆಳೆದಿದ್ದೇವೆ. ನಮ್ಮ ಹಳ್ಳಿಗಳಲ್ಲಿ ತಮಟೆ ಜಾತ್ರೆಗೂ ಬಡಿಯುತ್ತದೆ, ಸಾವಿಗೂ ಬಡಿಯುತ್ತದೆ. ಬಡಿತದ ಗತಿ ಬದಲಾಯಿತೆಂದರೆ ಹೊಲದಲ್ಲಿರುವವರಿಗೂ ಸುದ್ದಿ ತಲುಪಿತು. ಉತ್ತರ ಕರ್ನಾಟಕದಲ್ಲಿ ಶಹನಾಯಿಯನ್ನೇ ಹೋಲುವ ಸನಾದಿ ಮದುವೆಮನೆಯ ವಾದ್ಯ. 1977ರಲ್ಲಿ ಬಂದ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ರಾಜ್‌ಕುಮಾರ್ ಅಭಿನಯಕ್ಕೆ ಶಹನಾಯಿ ನುಡಿಸಿದವರು ಇದೇ ಬಿಸ್ಮಿಲ್ಲಾ ಖಾನರು. ಆ ಚಿತ್ರ ನೋಡಿದ ಕನ್ನಡಿಗರಿಗೆ ಶಹನಾಯಿ ಕೇಳಿದರೆ ಮದುವೆಯ ಸಡಗರದ ಜೊತೆಗೇ ಒಂದು ವಿರಹವೂ ಎದೆಗೆ ಬರುತ್ತದೆ. ಬೇರೆ ನಾಡಿನವರಿಗೆ ಹಾಗೆ ಬರಲಾರದು. ಮನಶ್ಶಾಸ್ತ್ರಜ್ಞರು ಇದನ್ನು ನಿಯಮಿತ ಜೋಡಣೆಯಿಂದ ಆದ ಕಲಿಕೆ ಎನ್ನುತ್ತಾರೆ. ಮಾತು ಒಣಕಲು, ಅನುಭವ ಮಾತ್ರ ಬಹಳ ಹಸಿ.

ಮತ್ತೆ ದಾಲ್‌ಮಂಡಿಗೆ ಬರೋಣ. ಸರಕುಗಳಿಂದ ತುಂಬಿದ ಇಕ್ಕಟ್ಟಾದ ಪೇಟೆಯೆಂದೇ ಅದಕ್ಕೆ ಹೆಸರು. ಒಂದು ಕಾಲದಲ್ಲಿ ಮಹಡಿಗಳ ಮೇಲೆ ತವಾಯಫ್ ಎಂಬ ವೃತ್ತಿ ಗಾಯಕಿಯರ ಮನೆಗಳಿದ್ದ ಪ್ರದೇಶ. ಬಾಲ್ಯದಲ್ಲಿ ಬಾಲಾಜಿ ಗುಡಿಗೆ ಹೋಗುವ ದಾರಿಯಲ್ಲಿ ರಸೂಲನ್ ಬಾಯಿ, ಬತೂಲನ್ ಬಾಯಿ ಸಹೋದರಿಯರ ಹಾಡು ಕೇಳಿಯೇ ತಮಗೆ ಸಂಗೀತದ ಹುಚ್ಚು ಹಿಡಿಯಿತೆಂದು ಖಾನರು ಹೇಳಿಕೊಂಡಿದ್ದಾರೆ. ಆ ಹೆಂಗಸರು ಬೆಳೆಸಿದ ಬನಾರಸಿ ಠುಮ್ರಿ ಎಂಬ ಹಾಡಿನ ಪ್ರಕಾರ, ಭಾವದ ಬಗ್ಗೆ ಯಾವ ಪ್ರಯೋಗಾಲಯಕ್ಕೂ ಮೊದಲೇ ನಡೆದ ಪ್ರಯೋಗ. ಸಮಾಜ ಅವರ ಕಲೆಯನ್ನು ಸವಿದು ಅವರನ್ನು ದೂರವಿಟ್ಟಿತು. ಸಂಗೀತದ ಇತಿಹಾಸ ಅವರಿಗೆ ಕೊಡಬೇಕಾದ ಗೌರವ ಇನ್ನೂ ಬಾಕಿಯಿದೆ.

ಠುಮ್ರಿಯ ಜೀವ ‘ಬೋಲ್ ಬನಾವ್’ನಲ್ಲಿದೆ. ಹಾಡಿನ ಸಾಲು ಒಂದೇ. ಗಾಯಕಿ ಅದನ್ನು ಮತ್ತೆ ಮತ್ತೆ ಹಾಡುತ್ತಾಳೆ, ಪ್ರತಿಸಲವೂ ಬೇರೆ ಸ್ವರಗಳಲ್ಲಿ, ಬೇರೆ ಒತ್ತಿನಲ್ಲಿ. ತಡವಾಗಿ ಮನೆಗೆ ಬಂದ ಮಗನಿಗೆ ತಾಯಿ “ಬಂದ್ಯಾ?” ಎನ್ನುವುದನ್ನು ನೆನೆಯಿರಿ. ಅದೇ ಎರಡಕ್ಷರದಲ್ಲಿ ಸಿಟ್ಟು, ಸಮಾಧಾನ, ಹುಸಿಮುನಿಸು, ಅಳು ಯಾವುದೂ ಇರಬಹುದು. ಸಿದ್ಧೇಶ್ವರಿ ದೇವಿ, ಗಿರಿಜಾ ದೇವಿಯಂಥವರು ಒಂದು ಸಾಲನ್ನು ಹೀಗೆ ಬಹುಹೊತ್ತು ತಿರುವಿ ತಿರುವಿ ಬೆಳೆಸುತ್ತಿದ್ದರು. ಪದ ಬದಲಾಗದೆ ಭಾವ ಬದಲಾಗುವುದರಿಂದ ಭಾವ ಎಲ್ಲಿ ಹುಟ್ಟುತ್ತದೆಂದು ಕಿವಿಗೆ ನೇರವಾಗಿ ಕೇಳಿಸುತ್ತದೆ.

ಕೊನೆಗೆ ‘ಲಗ್ಗಿ’ ಬರುತ್ತದೆ. ಅಲ್ಲಿಯವರೆಗೆ ತಗ್ಗಿ ಕೂತಿದ್ದ ತಬಲಾ ಒಮ್ಮೆಲೇ ಚುರುಕಾಗುತ್ತದೆ, ಸಾಲು ಅದೇ ಇದ್ದರೂ ಸಭೆ ನೆಟ್ಟಗೆ ಕೂರುತ್ತದೆ, ತಲೆಗಳು ತೂಗುತ್ತವೆ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ನಂದಿನಿ ಚಟರ್ಜಿ ಸಿಂಗ್, ಅವಂತಿಕಾ ಮಾಥುರ್ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹತ್ತಿರದ್ದು. ಒಂದೇ ರಾಗದ ತಾಳವಿಲ್ಲದ ಆಲಾಪವನ್ನೂ ತಾಳಬದ್ಧ ಗತ್ತನ್ನೂ ಕೇಳುಗರಿಗೆ ಕೇಳಿಸಿದಾಗ, ಆಲಾಪದಲ್ಲಿ ಶಾಂತವೆನಿಸಿದ ರಾಗ ಗತ್ತಿನಲ್ಲಿ ಸಂತೋಷ ಕೊಟ್ಟಿತು. ಆಲಾಪದಲ್ಲಿ ದುಃಖ ತಂದ ರಾಗ ಗತ್ತಿನಲ್ಲಿ ಉದ್ವೇಗ ತಂದಿತು. ಭಾವದ ದಿಕ್ಕನ್ನು ಸ್ವರಗಳೂ ಅದರ ಬಿಸಿಯನ್ನು ಲಯವೂ ನಿರ್ಧರಿಸುತ್ತವೆ ಎಂದು ಇದರಿಂದ ತಿಳಿಯಬಹುದು. ಕೋಮಲ ರಿಷಭ ಇರುವ ರಾಗಗಳು ಹೆಚ್ಚಾಗಿ ದುಃಖದ ಕಡೆಗೆ ವಾಲುತ್ತವೆಂಬುದೂ ಅವರಿಗೆ ಕಂಡಿತು. ಆದರೆ ಇದನ್ನು ಸೂತ್ರವಾಗಿ ಹಿಡಿಯಬಾರದು. ಭೈರವಿಯಲ್ಲೂ ಕೋಮಲ ರಿಷಭವಿದೆ, ಅದು ಭಕ್ತಿಯನ್ನೂ ತುಂಟತನವನ್ನೂ ಹೊರುತ್ತದೆ.

ಲಗ್ಗಿ ಮುಗಿದು ಹಾಡು ಮೊದಲ ಗತಿಗೆ ಮರಳುವ ಗಳಿಗೆಯಲ್ಲಿ ಬನಾರಸಿನ ಕೇಳುಗರು “ವಾಹ್” ಎನ್ನುತ್ತಾರೆ. ಆ ಗಳಿಗೆ ಬರುತ್ತದೆಂದು ಅವರಿಗೆ ಮೊದಲೇ ಗೊತ್ತು, ಗೊತ್ತಿರುವುದರಿಂದಲೇ ಸುಖ. ಕೆನಡಾದ ಮಾಂಟ್ರಿಯಲ್‌ನಲ್ಲಿ ವ್ಯಾಲರಿ ಸಲಿಂಪೂರ್, ರಾಬರ್ಟ್ ಝಟೋರೆ ಮುಂತಾದವರು 2011ರಲ್ಲಿ, ಮೈ ಜುಮ್ಮೆನ್ನಿಸುವ ಸಂಗೀತ ಕೇಳುವಾಗ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದನ್ನು ತೋರಿಸಿದರು. ಜುಮ್ಮೆನ್ನುವ ಗಳಿಗೆಯಲ್ಲಿ ಒಂದು ಭಾಗದಲ್ಲಿ, ಅದಕ್ಕೆ ಕಾಯುವ ಗಳಿಗೆಯಲ್ಲಿ ಇನ್ನೊಂದು ಭಾಗದಲ್ಲಿ. ಕಾಯುವುದಕ್ಕೇ ಮಿದುಳು ಬೇರೆಯಾಗಿ ಬಹುಮಾನ ಕೊಡುತ್ತದೆ.

ಇಷ್ಟರವರೆಗೆ ಸಂಗೀತ ಮನಸ್ಸಿಗೆ ಮಾಡುವುದನ್ನು ಹೇಳಿದೆ. ತಿರುಗುಮುರುಗು ದಾರಿ ಜನರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಫಿನ್ಲೆಂಡಿನ ಯೊನಾ ವುವೊಸ್ಕೊಸ್ಕಿ ಮತ್ತು ತುವೊಮಾಸ್ ಎರೊಲಾ ಕಂಡಂತೆ, ಕೇಳುಗನ ಆ ಹೊತ್ತಿನ ಮನಸ್ಥಿತಿ ಅವನು ಸಂಗೀತದಲ್ಲಿ ಯಾವ ಭಾವ ಕಾಣುತ್ತಾನೆ ಎಂಬುದನ್ನೇ ವಾಲಿಸುತ್ತದೆ. ಬೇಸತ್ತವನಿಗೆ ಹಾಡಿನೊಳಗಿನ ಬೇಸರ ಹೆಚ್ಚು ಕೇಳಿಸುತ್ತದೆ. ಅದರ ಮುಂದಿನ ಹೆಜ್ಜೆ ಇನ್ನೂ ಬೆರಗಿನದು. ನೆದರ್ಲೆಂಡ್ಸಿನ ಖ್ರೋನಿಂಗನ್ ವಿಶ್ವವಿದ್ಯಾಲಯದ ಯಾಕೊಬ್ ಯೊಲೈ ಮತ್ತು ಮೈಕೆ ಮೂರ್ಸ್ 2011ರಲ್ಲಿ, ಜನರಿಗೆ ಇಷ್ಟದ ಹಾಡು ಕೇಳಿಸುತ್ತ ಮಸುಕಾದ ಚಿತ್ರಗಳಲ್ಲಿ ನಗುಮುಖ, ಅಳುಮುಖ ಹುಡುಕಲು ಹೇಳಿದರು. ಹಾಡಿಗೆ ಹೊಂದುವ ಮುಖ ಹೆಚ್ಚು ಸರಿಯಾಗಿ ಗುರುತಾಯಿತು. ಮುಖವೇ ಇಲ್ಲದ ಚಿತ್ರಗಳಲ್ಲೂ ಕೆಲವೊಮ್ಮೆ ಅಂಥ ಮುಖ ಕಂಡಿತು. ಸಂಜೆ ಗೋದೌಲಿಯಾ ಚೌಕದಲ್ಲಿ ಸೈಕಲ್ ರಿಕ್ಷಾಗಳ ಗಂಟೆ, ಅಂಗಡಿಯ ಧ್ವನಿವರ್ಧಕ, ಆರತಿಗೆ ಹೊರಟ ಗುಂಪಿನ ಜಯಕಾರ ಒಂದರ ಮೇಲೊಂದು ಬೀಳುತ್ತವೆ. ಅದೇ ಗದ್ದಲದಲ್ಲಿ ಒಬ್ಬ ಯಾತ್ರಿಕನಿಗೆ ಎಲ್ಲ ಮುಖಗಳೂ ಉಲ್ಲಾಸದಲ್ಲಿವೆ ಅನಿಸುವುದು, ತಂದೆಯ ಅಸ್ಥಿ ವಿಸರ್ಜನೆಗೆ ಬಂದ ಇನ್ನೊಬ್ಬನಿಗೆ ಎಲ್ಲರೂ ದಣಿದಂತೆ ತೋರುವುದು ಬರೀ ಕಲ್ಪನೆಯಲ್ಲ. ನೋಡುವ ಕಣ್ಣೇ ಹಾಗೆ ಹೊಂದಿಕೊಂಡಿರುತ್ತದೆ.

ಬನಾರಸ್ ಈ ಕೊಡುಕೊಳ್ಳುವಿಕೆಯನ್ನು ಕಾಲಮಾನಕ್ಕೇ ಕಟ್ಟಿದೆ. ಫಾಲ್ಗುಣದಲ್ಲಿ ಹೋರಿ ಹಾಡು, ಚೈತ್ರದಲ್ಲಿ ಚೈತಿ, ಶ್ರಾವಣದ ಮೋಡಗಳಿಗೆ ಕಜರಿ. ಬಿಸಿಲು ಏರಿ ಗಾಳಿ ಬಿಸಿಯಾಗುವ ಹೊತ್ತಿಗೆ ಮನಸ್ಸಿಗೆ ಬರುವ ಒಂದು ಬಗೆಯ ತಳಮಳವನ್ನು ಚೈತಿ ತನ್ನದಾಗಿಸಿಕೊಳ್ಳುತ್ತದೆ. ಮಳೆಗಾಲದ ಅಗಲಿಕೆ ಕಜರಿಯದು. ಋತು ಮನಸ್ಸನ್ನು ಹದಮಾಡುತ್ತದೆ, ಆ ಹದಕ್ಕೆ ಹಾಡು ಬರುತ್ತದೆ, ಮುಂದಿನ ವರ್ಷ ಹಾಡೇ ಋತುವಿನ ನೆನಪು ತರುತ್ತದೆ.

ನೋವಿನ ಹಾಡನ್ನು ಜನ ಬೇಕೆಂದೇ ಕೇಳುವುದೇಕೆ? ಬರ್ಲಿನ್‌ನ ಲಿಲಾ ತರುಫಿ ಮತ್ತು ಸ್ಟೆಫಾನ್ ಕೋಲ್ಷ್ 2014ರಲ್ಲಿ 772 ಜನರನ್ನು ಇದೇ ಪ್ರಶ್ನೆ ಕೇಳಿದರು. ಅಂಥ ಹಾಡು ಹೆಚ್ಚಾಗಿ ಎಬ್ಬಿಸುವುದು ದುಃಖಕ್ಕಿಂತ ಹಳೆಯ ದಿನಗಳ ಹಂಬಲವನ್ನು ಎಂದು ಉತ್ತರಗಳಲ್ಲಿ ಕಂಡಿತು. ನಮ್ಮ ಅಲಂಕಾರಶಾಸ್ತ್ರ ಈ ಗಂಟನ್ನು ಬಿಡಿಸಿ ಸಾವಿರ ವರ್ಷ ಕಳೆದಿದೆ: ಶೋಕ ಬದುಕಿನದು, ಕರುಣ ರಸ ಕಲೆಯದು, ರಸವಾದಾಗ ‘ನನ್ನದು’ ಎಂಬ ಮುಳ್ಳು ಕಳಚಿರುತ್ತದೆ ಎಂದು ಅಭಿನವಗುಪ್ತನ ಪರಂಪರೆ ಹೇಳುತ್ತದೆ. ಮೊಹರಂನ ನೌಹಾಕ್ಕೂ ಠುಮ್ರಿಯ ವಿರಹಕ್ಕೂ ಇರುವ ಅಂತರ ಇದೇ ಎಂದು ನನಗೆ ತೋರುತ್ತದೆ. ನೌಹಾ ಅಳುವಿನೊಳಗೇ ಇರುತ್ತದೆ, ಅದಕ್ಕೇ ಅಂದು ರಾಗಕ್ಕೆ ಎಡೆಯಿಲ್ಲ. ಠುಮ್ರಿ ಅಳುವನ್ನು ಸವಿಯುವಷ್ಟು ದೂರದಲ್ಲಿ ನಿಲ್ಲಿಸುತ್ತದೆ.

ಆ ದೂರ ಎಲ್ಲರಿಗೂ ಸಿಗುವುದಿಲ್ಲ. ಖಿನ್ನತೆಯಲ್ಲಿರುವವರು, ಕಹಿಯನ್ನೇ ಮತ್ತೆ ಮತ್ತೆ ಮೆಲುಕು ಹಾಕುವ ಸ್ವಭಾವದವರು ನೋವಿನ ಹಾಡಿನಲ್ಲಿ ಇನ್ನಷ್ಟು ಆಳಕ್ಕೆ ಇಳಿಯಬಹುದು. ಹಾಗೆಂದು ಅಂಥವರ ಮುಂದೆ ಕುಣಿತದ ಹಾಡು ಹಾಕಿದರೆ ಕಿರಿಕಿರಿಯೇ ಹೆಚ್ಚು. ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶುಲರ್ 1940ರ ದಶಕದಲ್ಲಿ ಸೂಚಿಸಿದ ಕ್ರಮವನ್ನು ಸಂಗೀತ ಚಿಕಿತ್ಸಕರು ಇಂದಿಗೂ ಬಳಸುತ್ತಾರೆ. ರೋಗಿಯ ಮನಸ್ಸು ಈಗ ಎಲ್ಲಿದೆಯೋ ಅದೇ ಗತಿಯ, ಅದೇ ಬಣ್ಣದ ಸಂಗೀತದಿಂದ ಶುರುಮಾಡಬೇಕು. ಆಮೇಲೆ ಲಯವನ್ನೂ ಭಾವವನ್ನೂ ಮೆಲ್ಲನೆ ಬೇಕಾದ ಕಡೆಗೆ ಸರಿಸಬೇಕು. ಮನೆಯಲ್ಲಿಯೂ ಇದನ್ನು ಮಾಡಬಹುದು. ಕಂಗೆಟ್ಟ ಹೊತ್ತಿನಲ್ಲಿ ಮೊದಲು ವಿಲಂಬಿತದ ಒಂದು ಆಲಾಪ, ಆಮೇಲೆ ಮಧ್ಯಲಯದ ಒಂದು ಬಂದಿಶ್, ಅದಕ್ಕೂ ಮನಸ್ಸು ಒಪ್ಪಿದರೆ ಲಗ್ಗಿಯಿರುವ ಒಂದು ದಾದ್ರಾ ಹಾಡು. ಒಂದರಿಂದ ಇನ್ನೊಂದಕ್ಕೆ ಹೋಗುವ ಮುನ್ನ ತುಸು ಬಿಡುವು ಕೊಡಿ. ಇಟಲಿಯ ಪಾವಿಯಾದಲ್ಲಿ ಲುಚಾನೊ ಬರ್ನಾರ್ಡಿ ತಂಡ 2006ರಲ್ಲಿ ಹಾಡುಗಳ ನಡುವೆ ಎರಡು ನಿಮಿಷದ ಮೌನ ಇಟ್ಟು ನೋಡಿತ್ತು. ಎದೆಬಡಿತ ಮತ್ತು ರಕ್ತದೊತ್ತಡ, ಸಂಗೀತ ಶುರುವಾಗುವ ಮುಂಚೆ ಇದ್ದುದಕ್ಕಿಂತಲೂ ಕೆಳಗೆ ಇಳಿದದ್ದು ಆ ಎರಡು ನಿಮಿಷಗಳಲ್ಲಿ.