ಟೀ-ಬಿಸ್ಕತ್ತಿನ ಮೇಲೆ ಮೂರು ಪೀರಿಯಡ್ಡು

ಬೆಂಗಳೂರಲ್ಲಿ ಏಳಕ್ಕೇ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತೆ. ದೋಸೆ ತಟ್ಟೆಯಲ್ಲೇ ಉಳೀತು. ಮಗು ಹೊರಟಿದ್ದು ಅರ್ಧ ಲೋಟ ಟೀ, ಎರಡು ಬಿಸ್ಕತ್ತಿನ ಮೇಲೆ.

ಐದಾರು ವರ್ಷದ ಮಗುವಿನ ದೇಹ ಖರ್ಚು ಮಾಡೋ ಶಕ್ತಿಯಲ್ಲಿ ಹೆಚ್ಚುಕಮ್ಮಿ ಶೇ 40 ಮೆದುಳಿಗೇ ಬೇಕು. ರಾತ್ರಿಯಿಡೀ ಏನೂ ತಿನ್ನದ ಮಗುವಿನ ಮೆದುಳಿಗೆ ಬಿಸ್ಕತ್ತಿನ ಸಕ್ಕರೆ ಎಷ್ಟು ಹೊತ್ತು ಬಂದೀತು? ಮೂರನೇ ಪೀರಿಯಡ್ಡಿಗೆ ಆಕಳಿಕೆ. ಡೈರಿಯಲ್ಲಿ ಷರಾ: ‘ಪಾಠದ ಕಡೆ ಗಮನ ಇಲ್ಲ.’

ಹಸಿವಾದರೆ ಹೊಟ್ಟೆಯಾದರೂ ಹೇಳುತ್ತೆ. ಕಬ್ಬಿಣದ ಕೊರತೆ ಸುಮ್ಮನಿರುತ್ತೆ. ಆಮ್ಲಜನಕ ಹೊರೋ ಹಿಮೋಗ್ಲೋಬಿನ್‌ಗೆ ಕಬ್ಬಿಣ ಬೇಕು. ಗಮನಕ್ಕೆ ನೆರವಾಗೋ ಡೋಪಮೈನ್ ತಯಾರಾಗೋಕೂ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ 64 ಮಂದಿಗೆ ರಕ್ತಹೀನತೆ. ಇದು ಹಳ್ಳಿಯ ಲೆಕ್ಕ ಅಲ್ಲ, ನಗರದ್ದು. ದುಂಡಗಿರೋ ಮಗುವಿಗೂ ರಕ್ತಹೀನತೆ ಇರಬಹುದು.

ಇದರ ಮೇಲೆ ಟೀ ಬೇರೆ! ಅದರ ಟ್ಯಾನಿನ್ ಸೊಪ್ಪು-ಕಾಳಿನ ಕಬ್ಬಿಣ ಸರಿಯಾಗಿ ಮೈಗೆ ಹತ್ತೋಕೆ ಬಿಡಲ್ಲ. ನಿಂಬೆರಸ ಹತ್ತಿಸುತ್ತೆ. ಕೋಸಂಬರಿಗೆ ನಿಂಬೆ ಹಿಂಡೋದು ಬರೀ ರುಚಿಗಲ್ಲ.

ಸರ್ಕಾರಿ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯ ಯೋಜನೆಯ ಹಾಲು ಇದೆ; ಬಿಸಿಯೂಟ, ಮೊಟ್ಟೆಯೂ ಇದೆ. ಲಕ್ಷ ಫೀಸಿನ ಎಷ್ಟೋ ಶಾಲೆಗಳ ಕ್ಯಾಂಟೀನಲ್ಲಿ? ಪಫ್ಸ್.

ಟ್ಯೂಷನ್‌ಗೆ ಸೇರಿಸೋ ಮುಂಚೆ ಒಂದು ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ.