ಬೀದರಿನ ಪಾದ್ರಿ ದಂಪತಿ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಮೆಥಡಿಸ್ಟ್ ಮಿಷನ್ ಬೀದರಿಗೆ ಬಂದಾಗ ಅದು ನಿಜಾಮರ ಸೀಮೆ. ಕಚೇರಿಯ ಭಾಷೆ ಉರ್ದು, ಭಾಲ್ಕಿಯ ಸಂತೆಯಲ್ಲಿ ಕನ್ನಡ ಮತ್ತು ಮರಾಠಿ, ಔರಾದದ ಹಳ್ಳಿಗಳಲ್ಲಿ ಮರಾಠಿಯೇ ಮುಂದು. ಇಂಗ್ಲಿಷ್ ಮಾತ್ರ ಬಲ್ಲ ಗಂಡಹೆಂಡಿರು ಇಲ್ಲಿ ಯಾರಿಗೆ, ಯಾವ ಮಾತಿನಲ್ಲಿ ಬೋಧಿಸಬೇಕು?

ಹೀಗಾಗಿ ಹಳ್ಳಿ ಸುತ್ತುವ ಕೆಲಸ ಬಹುಮಟ್ಟಿಗೆ ಸ್ಥಳೀಯ ಯುವ ಬೋಧಕರ ಪಾಲಿಗೆ ಬಂತು. ಪಾದ್ರಿಗಳು ಅವರನ್ನು ತಯಾರು ಮಾಡುತ್ತಿದ್ದರು. ಚಳಿಗಾಲದಲ್ಲಿ ಎತ್ತಿನ ಬಂಡಿ, ಡೇರೆ ಸಮೇತ ಜೊತೆಗೇ ಹೊರಡುತ್ತಿದ್ದರು. ಕಲಿಸುವುದು ಒಂದೇ ದಿಕ್ಕಿನದಾಗಿರಲಿಲ್ಲ. ಜನರ ನುಡಿ, ನಡೆ ಹೇಳಿಕೊಡುವವರು ಆ ಹುಡುಗರೇ.

ಬೋಧಕನ ಹೆಂಡತಿಗೂ ಪಾಠವಿತ್ತು. ಪರಪುರುಷ ಕಾಲಿಡದ ಒಳಮನೆಗೆ ಹೆಂಗಸೇ ಹೋಗಬೇಕಲ್ಲ! ಇಂಥ ಹೆಂಗಸರನ್ನು ಬೈಬಲ್ ಸ್ತ್ರೀಯರೆಂದು ಕರೆಯುತ್ತಿದ್ದರು. ಅಕ್ಷರವೇ ಗೊತ್ತಿಲ್ಲದವರಿಗೆ ಓದು ಕಲಿಸುವುದು, ಹುಡುಗಿಯರ ವಸತಿ, ಕಾಯಿಲೆ ಕಸಾಲೆ, ಇವು ದೊರೆಸಾನಿಯ ಮೇಲೆ.

ಆದರೆ ಆಕೆಗೆ ಪ್ರತ್ಯೇಕ ಸಂಬಳವಿಲ್ಲ. 1869ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಮೆಥಡಿಸ್ಟ್ ಮಹಿಳಾ ಸಂಘ ಸಂಬಳ ಕೊಟ್ಟು ಕಳಿಸಿದ್ದು ಅವಿವಾಹಿತೆಯರನ್ನು. ಪಾದ್ರಿಯ ಪತ್ನಿ ವರದಿಗಳಲ್ಲಿ ಸಾಮಾನ್ಯವಾಗಿ ಗಂಡನ ಹೆಸರಿನ ಹಿಂದಿನ 'ಮಿಸೆಸ್' ಮಾತ್ರ. ದೂರದ ಊರಿನಲ್ಲಿ ಅರ್ಧ ಭಾರ ಹೊತ್ತವಳಿಗೆ ಇದು ಅನ್ಯಾಯವೇ ಸರಿ.

1956ರಲ್ಲಿ ಬೀದರ ಮೈಸೂರು ರಾಜ್ಯ ಸೇರಿತು. 1981ರಲ್ಲಿ ಭಾರತದ ಮೆಥಡಿಸ್ಟ್ ಸಭೆ ಸ್ವಾಯತ್ತವಾಯಿತು. ನಾರ್ಮಾ ಫೆಂಡ್ರಿಕ್ ಎಂಬ ಮಹಿಳೆಯ ಹೆಸರಿನ ಶಾಲೆ ಬೀದರಿನವರಿಗೆಲ್ಲ ಪರಿಚಿತ. ಬೋಧಕರ ಹೆಂಡಿರಿಗೆ ಕಾಗುಣಿತ ತಿದ್ದಿಸಿದ ಪಾದ್ರಿಪತ್ನಿಯರ ಹೆಸರು ಮಾತ್ರ ಊರಿನ ನೆನಪಿನಲ್ಲಿ ಉಳಿದಿಲ್ಲ.